ಗರಗದ ಬಟ್ಟೆ, ಔಡಲೆಣ್ಣೆ ಮತ್ತು ಒಂದು ಟೈಗರ್ ಮಾತ್

ಮೊದಲ ದಿನ: ಹುಬ್ಬಳ್ಳಿ, ಧಾರವಾಡ, ಗರಗ

ರೈಲಿಳಿದು ವಿದ್ಯಾನಗರದ ಮಾಮನ ಮನೆ ಮುಟ್ಟಿದಾಗ ಅವರ ಹಳೇ ಆಮ್ನಿ ಬಾಗಿಲು ತೆರೆದುಕೊಂಡು ನಿಂತಿತ್ತು. ಹಿಂದಿನ ಸೀಟು ಕಿತ್ತು ಅಂಗಳಕ್ಕೆ ಹಾಕಿದ್ದರು. ಅದರ ಮೇಲೆ ಕೂತು ಅತ್ತೆ ಮೆಂತ್ಯೆಪಲ್ಲೆ ಸೋಸುತ್ತಿದ್ದರು. ಸೀಟಿದ್ದ ಜಾಗದಲ್ಲಿ ಕೌದಿ ಸುತ್ತಿದ ಆರಡಿ ಉದ್ದದ್ದೇನೋ ಮಲಗಿತ್ತು. “ಹೆಣಾ ಒಯ್ದಂಗ ಕಾಣ್ತೈತಿ. ಬೆಳಕಿದ್ದಾಗ ಹೋಗಿ ಬೆಳಕಿದ್ದಾಗ ಬರ್ರಿ” ಅಂದರು ಅತ್ತೆ.

ಕೌದಿಯೊಳಗಿದ್ದದ್ದು ಟೈಗರ್ ಮಾತ್, ಎರಡು ಜೊತೆ ರೆಕ್ಕೆಯ (ಬೈಪ್ಲೇನ್) ಹಳೇ ತರಬೇತಿ ವಿಮಾನದ ಮಾದರಿ. ಅಸಲಿಯ ಕಾಲು ಭಾಗ. ಅಸಲಿಗೆ ರೆಕ್ಕೆಯ ಹರವು 29 ಅಡಿ 4 ಇಂಚು, ಮಾಮನದಕ್ಕೆ 7 ಅಡಿ 4 ಇಂಚು. ಐಟಿಐನಲ್ಲಿ ಮೂವತ್ತು ವರ್ಷ ಹುಡುಗರ ಕೈಗೆ ಅರ ಕೊಟ್ಟು ಕಬ್ಬಿಣ ತೀಡಿಸಿದ ಮನುಷ್ಯ. 2012ರ ವಾಯುಪಡೆ ದಿನದಂದು ದುರಸ್ತಿಯಾಗಿ ಬಂದ ಹಳೆಯ ಟೈಗರ್ ಮಾತ್ ಒಂದು ಹಿಂಡನ್‌ನಲ್ಲಿ ಹಾರಿದ್ದನ್ನು ಟೀವಿಯಲ್ಲಿ ಕಂಡಾಗಲೇ ತಲೆ ಕೆಟ್ಟಿತ್ತಂತೆ. ರಿಟೈರ್ ಆದಮೇಲೆ ಮಾಳಿಗೆ ಹತ್ತಿದವರು ಎರಡು ವರ್ಷ ಊಟಕ್ಕೆ ಬಿಟ್ಟರೆ ಇಳಿಯಲಿಲ್ಲ.

ಅದನ್ನು ಫೆಬ್ರುವರಿ 18ಕ್ಕೇ ಹಾರಿಸಬೇಕೆಂಬುದು ಅವರ ಹಠ. 1911ರಲ್ಲಿ ಅದೇ ದಿನ ಅಲಹಾಬಾದಿನ ವಸ್ತುಪ್ರದರ್ಶನದ ಮೈದಾನದಿಂದ ಆನ್ರಿ ಪೆಕೆ ಎಂಬ 23ರ ಫ್ರೆಂಚ್ ಹುಡುಗ ಹಂಬರ್-ಸಾಮರ್ ಬೈಪ್ಲೇನ್ ಏರಿ, ಸುಮಾರು 6,500 ಪತ್ರ ಹೇರಿಕೊಂಡು, ಯಮುನೆ ದಾಟಿ ನೈನಿಯಲ್ಲಿ ಇಳಿದ. ಹತ್ತು ಕಿ.ಮೀ. ದಾರಿ, ಹೆಚ್ಚೂಕಮ್ಮಿ ಹದಿಮೂರು ನಿಮಿಷ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ. ಅದರ ನೆನಪಿಗೆ ಮಾಮ ಐವತ್ತು ಪೈಸೆಯ ಪೋಸ್ಟ್‌ಕಾರ್ಡೊಂದನ್ನು ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ಯಾರಿಗೆ ಅಂದರೆ ಹೇಳಲಿಲ್ಲ.

ಹುಬ್ಬಳ್ಳಿಯಲ್ಲಿ ಇಂಥದ್ದನ್ನು ಹಾರಿಸುವ ಮಾತೇ ಇಲ್ಲ, ಗೋಕುಲ ರಸ್ತೆಯಲ್ಲಿ ಅಸಲಿ ವಿಮಾನಗಳೇ ಇಳಿಯುತ್ತವೆ. ಹಾಗಾಗಿ ಗದಗಿನ ಕಡೆ ಎರೆಹೊಲ ಹುಡುಕಿಕೊಂಡು ಹೋಗುವುದೆಂದು ಆಗಿತ್ತು. ಆದರೆ ಮೊದಲು ಉಲ್ಟಾ ದಿಕ್ಕಿಗೆ ಗರಗಕ್ಕೆ ಹೊರಟೆವು. ರೆಕ್ಕೆಯ ಬಟ್ಟೆ ನೇಯ್ದವರಿಗೆ ರೆಕ್ಕೆ ತೋರಿಸಬೇಕಲ್ಲ.

ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆಗೆ ನಿಂತದ್ದು ಐದು ನಿಮಿಷ ಎಂದು ಮಾಮ ಹೇಳಿಕೊಳ್ಳುತ್ತಾರೆ. ನನ್ನ ಗಡಿಯಾರದಲ್ಲಿ ಮುಕ್ಕಾಲು ತಾಸು. ಬೆಳಗಾವಿ ರಸ್ತೆ ಹಿಡಿದು, ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಗರಗ. ಮಡಿವಾಳಪ್ಪನ ಮಠದ ಊರು, ಜತೆಗೆ ರಾಷ್ಟ್ರಧ್ವಜದ ಖಾದಿ ನೇಯುವ ಊರು. ಅಲ್ಲಿ ನೇಯ್ದದ್ದು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಧ್ವಜವಾಗುತ್ತದೆ. 2021ರ ಕೊನೆಗೆ ನಿಯಮ ಬದಲಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಮಾಮ ಆ ಸುದ್ದಿಯನ್ನು ಸ್ವಂತ ಅವಮಾನದಂತೆ ಹೇಳುತ್ತಾರೆ. ಮಾಡೆಲ್ ವಿಮಾನಕ್ಕೂ ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸುವ ಪಾಲಿಯೆಸ್ಟರ್ ಹೊದಿಕೆ ಸಿಗುತ್ತದೆ, ಒಂದು ದಿನದ ಕೆಲಸ. ಅವರು ಅದನ್ನು ಮನೆಗೂ ತರಗೊಡಲಿಲ್ಲ.

ಮಗ್ಗದ ಕೋಣೆಯ ಸದ್ದಿಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಒಬ್ಬಾಕೆ ಕೈ ನಿಲ್ಲಿಸಿ ಎದ್ದು ಬಂದು ರೆಕ್ಕೆಯನ್ನು ಬೆರಳಿನಿಂದ ತಟ್ಟಿ ನೋಡಿದರು. “ಇದು ನಮ್ಮ ಬಟ್ಟೀನ ಏನ್ರಿ? ಹಪ್ಪಳ ಆಗೈತಲ್ರಿ!” ಇನ್ನೊಮ್ಮೆ ತಟ್ಟಿದರು. “ಹಲಗಿ ಬಾರ್ಸಿದಂಗ ಸಪ್ಪಳಾ ಬರ್ತೈತಿ. ಏನ್ ಹಚ್ಚೀರಿ?”

ಇಲ್ಲಿ ಮಾಮನಿಗೆ ಬಾಯಿ ಬಂತು. ಆ ಕಾಲದ ವಿಮಾನದ ರೆಕ್ಕೆಯೆಂದರೆ ಮರದ ಹಂದರದ ಮೇಲೆ ಎಳೆದು ಹೊಲಿದ ಬಟ್ಟೆ. ಐರ್ಲೆಂಡಿನ ಲಿನನ್ ಇಲ್ಲವೇ ಹತ್ತಿ. ಬರೀ ಬಟ್ಟೆಯಾದರೆ ಗಾಳಿ ಸೋರಿಹೋಗುತ್ತದೆ, ಜೋಲು ಬೀಳುತ್ತದೆ. ಅದಕ್ಕೆ ಡೋಪ್ ಎಂಬ ಸೆಲ್ಯುಲೋಸ್ ದ್ರಾವಣ ಬಳಿಯುತ್ತಿದ್ದರು. ಒಣಗುತ್ತ ಒಣಗುತ್ತ ಅದು ಬಟ್ಟೆಯನ್ನು ಬಿಗಿದು ತಮಟೆ ಮಾಡುತ್ತದೆ. ಅಸಲಿ ಡೋಪ್ ಇಲ್ಲಿ ಎಲ್ಲಿ ಸಿಗಬೇಕು? ಮಾಮ ಬಳಸಿದ್ದು ಫರ್ನಿಚರಿನವರು ಬಳಿಯುವ ಎನ್.ಸಿ. ಲ್ಯಾಕರ್. ಅದೂ ಸೆಲ್ಯುಲೋಸೇ, ಆದರೆ ಬರಬರುತ್ತ ಸೆಟೆದು ಬಿರುಕು ಬಿಡುತ್ತದೆ. ಬಿಡದಿರಲೆಂದು ನಾಲ್ಕು ಹನಿ ಔಡಲೆಣ್ಣೆ. “ಔಡಲೆಣ್ಣಿ?” ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು. ಮಾಮ ಬಿಡಲಿಲ್ಲ. ಮೊದಲ ಮಹಾಯುದ್ಧದ ರೋಟರಿ ಎಂಜಿನ್‌ಗಳಿಗೆ ಹಾಕುತ್ತಿದ್ದ ಎಣ್ಣೆಯೇ ಅದು, ಪೆಟ್ರೋಲಿನಲ್ಲಿ ಕರಗಿಹೋಗುವುದಿಲ್ಲವೆಂದು. ಎಂಜಿನ್ ಆ ಎಣ್ಣೆಯನ್ನು ಹೊರಗೆ ಉಗುಳುತ್ತಿತ್ತು, ಹಿಂದೆ ಕೂತ ಪೈಲಟ್ ತಾಸುಗಟ್ಟಲೆ ಅದನ್ನೇ ಉಸಿರಾಡುತ್ತಿದ್ದ. ಇಳಿದಮೇಲೆ ಅವನ ಗತಿ ಏನಾಗುತ್ತಿತ್ತೆಂದು ಔಡಲದ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಗ್ಗಗಳೆಲ್ಲ ನಿಂತು ನಗು ಎದ್ದಿತು.

ವಿಮಾನದ ಹಿಂದಿನ ಸೀಟಿನಲ್ಲಿ ಕೂತ ಕಿನ್ನಾಳದ ಮರದ ಗೊಂಬೆಯನ್ನು ನೋಡಿ ಒಬ್ಬಳು, “ಮುಂದಿನ ಸೀಟು ಖಾಲಿ ಐತಲ್ರಿ” ಅಂದಳು. ಟೈಗರ್ ಮಾತ್‌ನಲ್ಲಿ ಕಲಿಯುವವ ಹಿಂದೆ, ಕಲಿಸುವವ ಮುಂದೆ. ಒಬ್ಬನೇ ಹಾರುವುದಾದರೆ ಹಿಂದೆಯೇ ಕೂರಬೇಕು. “ಮಾತ್ ಅಂದ್ರ ಏನ್ರಿ?” ಪತಂಗ. ಈ ವಿಮಾನಗಳನ್ನು ಮಾಡಿದ ಜೆಫ್ರಿ ಡಿ ಹ್ಯಾವಿಲೆಂಡ್‌ಗೆ ಪತಂಗ ಸಂಗ್ರಹಿಸುವ ಹುಚ್ಚಿತ್ತು. 1925ರಲ್ಲಿ ಅವನು ಹಾರಿಸಿದ ಮೊದಲ ಮಾತ್ ರೆಕ್ಕೆಯನ್ನು ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು, ದೀಪದ ಹುಳುವಿನ ಹಾಗೆ. “ಹುಲಿ ಪತಂಗ!” ಎಂದು ಅವರವರಲ್ಲೇ ಹೇಳಿಕೊಂಡರು. ಮೊದಲಿನಾಕೆ ಮಾತ್ರ ರೆಕ್ಕೆ ಬಿಟ್ಟು ಕದಲಿರಲಿಲ್ಲ. “ಮಳಿ ಬಂದ್ರ?” ಎಂದು ಕೇಳಿದರು. ಎರಡು ದಿನದಲ್ಲಿ ನಮ್ಮನ್ನು ಕೇಳಿದ ಪ್ರಶ್ನೆಗಳಲ್ಲಿ ಅದೇ ಸರಿಯಾದದ್ದು.

ಹೊರಡುವಾಗ ಮಾಮ ಸಣ್ಣ ನೂಲಿನ ಬಟ್ಟೆ ಎರಡು ಮೀಟರ್ ಕೊಂಡರು. ಯಾಕೆಂದು ಕೇಳಿದರೆ “ಇರ್ಲಿ” ಅಂದರು. ರಾತ್ರಿ ದುರ್ಗದಬೈಲಿನಲ್ಲಿ ಗಿರ್ಮಿಟ್, ಮಿರ್ಚಿ. ಹೊಟ್ಟೆ ಉರಿಯಿತು, ಅದು ನನ್ನದೇ ತಪ್ಪು.

ಎರಡನೇ ದಿನ: ಅಣ್ಣಿಗೇರಿ, ಗದಗ

ಹುಬ್ಬಳ್ಳಿ ದಾಟಿ ಗದಗ ರಸ್ತೆ ಹಿಡಿದರೆ ನೆಲ ಕರಿ, ಬಾನು ದೊಡ್ಡದು. ಕಡಲೆ ಕಿತ್ತಾಗಿತ್ತು, ಬಿಳಿಜೋಳ ತೆನೆ ಹೊತ್ತು ನಿಂತಿತ್ತು, ಬಿಡಿಸಿ ಮುಗಿದ ಹತ್ತಿಯ ಕಟ್ಟಿಗೆ ಅಲ್ಲಲ್ಲಿ ಉಳಿದಿತ್ತು. ಪಂಪನ ಊರು ಅಣ್ಣಿಗೇರಿ ಸಮೀಪಿಸುವಾಗ ಒಂದು ಕಡೆ ಕಡಲೆ ರಾಶಿ ನಡೆದಿತ್ತು, ಪಕ್ಕದಲ್ಲೇ ಉದ್ದಕ್ಕೆ ಖಾಲಿ ಹೊಲ. ಮಾಮ ಗಾಡಿ ನಿಲ್ಲಿಸಿ ಅಪ್ಪಣೆ ಕೇಳಿದರು. ರಾಶಿಯ ಯಜಮಾನರು ಕೌದಿ ಬಿಚ್ಚುವ ತನಕ ಸುಮ್ಮನಿದ್ದು, ಆಮೇಲೆ ಮೊರ ಕೆಳಗಿಟ್ಟು ಬಂದರು.

ರೆಕ್ಕೆ ನಾಲ್ಕು, ಅವುಗಳ ನಡುವೆ ಕಂಬ, ಕಂಬಗಳ ನಡುವೆ ತಂತಿ. ಜೋಡಿಸಲು ಮುಕ್ಕಾಲು ತಾಸು. ಯಜಮಾನರು ಒಂದು ಮುಷ್ಟಿ ಹೊಟ್ಟು ಹಿಡಿದು ಮೇಲಿಂದ ಬಿಟ್ಟರು. ಅದು ಓರೆಯಾಗಿ ಪಡುವಣಕ್ಕೆ ಹೋಗಿ ಬಿತ್ತು. “ಮೂಡಗಾಳಿ ಐತ್ರಿ. ಈ ಕಡಿಂದ ಆ ಕಡೆ ಮಾರಿ ಮಾಡಿ ಇಳಸ್ರಿ. ಇನ್ನ ಒಂದ್ ತಾಸು ಕುಂತ್ರ ಗಾಳೀನ ನಿಲ್ಲತೈತಿ.” ಮಾಮನಿಗೆ ಆ ಒಂದು ತಾಸು ಇರಲಿಲ್ಲ. ಹೊಲದ ಉದ್ದ ಉತ್ತರ-ದಕ್ಷಿಣ, ಗಾಳಿ ಅಡ್ಡ. “ನಡೀತೈತಿ” ಅಂದರು.

ಮೆಥನಾಲ್‌ಗೆ ಔಡಲೆಣ್ಣೆ ಬೆರೆಸಿದ ಇಂಧನ. “ಕಾಂಟ್ಯಾಕ್ಟ್!” ಎಂದು ತಾವೇ ಕೂಗಿ ತಾವೇ ಪ್ರೊಪೆಲರ್ ತಿರುವಿದರು. ಎಂಜಿನ್ ಕೆಮ್ಮಿ ಹತ್ತಿಕೊಂಡಿತು, ಬಜ್ಜಿ ಬಾಣಲೆಯಂಥ ಹೊಗೆ ಬಂತು. ಹದಿನೈದು ಮಾರು ಓಡಿ ಎದ್ದೇಬಿಟ್ಟಿತು. ಮೇಲೆ ಅದು ಚೆಂದಿತ್ತು, ಸುಳ್ಳೇಕೆ. ಈಗಿನ ಡ್ರೋನಿನಂತೆ ಗಾಳಿಯಲ್ಲಿ ಮೊಳೆ ಹೊಡೆದು ನಿಲ್ಲುವುದಿಲ್ಲ. ತೂಗುತ್ತದೆ, ತೇಲುತ್ತದೆ, ಸ್ವಲ್ಪ ಪಕ್ಕಕ್ಕೆ ಜಾರುತ್ತದೆ. ಟೈಗರ್ ಮಾತ್‌ಗೆ ಏಲೆರಾನ್, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಪಟ್ಟಿ, ಇರುವುದು ಕೆಳರೆಕ್ಕೆಗೆ ಮಾತ್ರ. ಬರೀ ಅದನ್ನು ಎತ್ತಿ ತಿರುಗಿಸ ಹೋದರೆ ಮೂಗು ಮುನಿಸಿಕೊಂಡು ಆಚೆ ಕಡೆ ಹೊರಳುತ್ತದೆ. ಬಾಲದ ರಡ್ಡರನ್ನೂ ಜತೆಗೇ ಒತ್ತಿ ಸಮಾಧಾನ ಮಾಡಬೇಕು.

ಇಳಿಯುವಾಗ ಅಡ್ಡಗಾಳಿ ಬಲರೆಕ್ಕೆ ಎತ್ತಿತು. ಅಸಲಿಗೂ ಬ್ರೇಕ್ ಇರಲಿಲ್ಲ, ಬಾಲಕ್ಕೆ ಚಕ್ರದ ಬದಲು ನೆಲಕ್ಕೆ ಉಜ್ಜಿಕೊಂಡು ಹೋಗುವ ಒಂದು ಊರೆ. ಹುಲ್ಲಿನ ಮೇಲೆ ಗಾಳಿಗೆ ಎದುರಾಗಿ ಇಳಿಯಲೆಂದೇ ಮಾಡಿದ್ದು. ನಮ್ಮದು ಪಕ್ಕಕ್ಕೆ ಜಾರುತ್ತ ಹೋಗಿ ಎಡಚಕ್ರವನ್ನು ಎರೆಬಿರುಕಿನಲ್ಲಿ ಸಿಕ್ಕಿಸಿಕೊಂಡಿತು. ಮೂಗು ಊರಿ ನಿಂತು, ಒಂದು ಕ್ಷಣ ಯೋಚಿಸಿ, ಹತ್ತಿಕಟ್ಟಿಗೆಯ ಮೇಲೆ ಮಗುಚಿತು. ಎಡ ಮೇಲ್ರೆಕ್ಕೆಯಲ್ಲಿ ಗೇಣುದ್ದ ಹರಿದಿತ್ತು. ಹತ್ತಿಯನ್ನು ಹತ್ತಿಯೇ ಹರಿದಿತ್ತು. ಗೊಂಬೆಗೆ ಏನೂ ಆಗಿರಲಿಲ್ಲ.

ಯಜಮಾನರು “ನಾ ಹೇಳಿದ್ದೆ” ಎನ್ನಲಿಲ್ಲ. ಬುತ್ತಿ ಬಿಚ್ಚಿದರು. ಕಟಕರೊಟ್ಟಿ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ. ಮಾಮ ತಲೆ ಎತ್ತದೆ ಉಂಡರು. ನಾವು ಉಣ್ಣುತ್ತಿದ್ದಾಗ ಗಾಳಿ ನಿಂತುಹೋಯಿತು.

ಗದಗಿನಲ್ಲಿ ಬದನೆಕಾಯಿ ಬಜ್ಜಿ ತಿಂದು ಲಾಡ್ಜ್ ಹಿಡಿದೆವು. ಲಕ್ಕುಂಡಿ ಹನ್ನೆರಡು ಕಿ.ಮೀ. ದೂರದಲ್ಲಿತ್ತು, ಹೋಗಲಿಲ್ಲ, ಬೈಯುವವರು ಬೈಯಬಹುದು. ರೂಮಿನಲ್ಲಿ ಲ್ಯಾಕರ್ ಡಬ್ಬಿ ತೆರೆದ ಹತ್ತು ನಿಮಿಷಕ್ಕೆ ಮ್ಯಾನೇಜರ್ ಬಾಗಿಲು ಬಡಿದರು. ಥಿನ್ನರ್ ವಾಸನೆ ಮೂರನೇ ಮಹಡಿ ಮುಟ್ಟಿತ್ತಂತೆ. ನಾವು ಕೇಳಿದ ಭಾಷೆ ಇಲ್ಲಿ ಬರೆಯುವಂಥದ್ದಲ್ಲ, ಆದರೆ ತಪ್ಪು ನಮ್ಮದೇ. ಅದು ಕಿಡಿ ಸೋಕಿದರೆ ಭಗ್ ಎನ್ನುವ ವಸ್ತು, ಮುಚ್ಚಿದ ಕೋಣೆಯಲ್ಲಿ ತೆರೆಯಲೇಬಾರದು. ರೆಕ್ಕೆ ಹೊತ್ತು ತಾರಸಿಗೆ ನಡೆದೆವು.

ನೀರಿನ ಟಾಕಿಯ ಕಟ್ಟೆ ಮೇಲೆ ರೆಕ್ಕೆ ಮಲಗಿಸಿ, ಗರಗದ ಎರಡು ಮೀಟರಿನಿಂದ ತೇಪೆ ಕತ್ತರಿಸುವಾಗ ಮಾಮ ಏಮಿ ಜಾನ್ಸನ್ ಕತೆ ತೆಗೆದರು. 1930ರ ಮೇ ತಿಂಗಳು. 26 ವರ್ಷದ ಹುಡುಗಿ, ಸೆಕೆಂಡ್‌ಹ್ಯಾಂಡ್ ಜಿಪ್ಸಿ ಮಾತ್ ಕೊಂಡು ಅದಕ್ಕೆ ಜೇಸನ್ ಎಂದು ಹೆಸರಿಟ್ಟು ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬಳೇ ಹೊರಟಳು. ಕರಾಚಿ, ಝಾನ್ಸಿ, ಕಲ್ಕತ್ತಾ ದಾಟಿದಳು. ರಂಗೂನಿನ ಹತ್ತಿರ ಇನ್ಸೇನ್‌ನಲ್ಲಿ ತಾಂತ್ರಿಕ ಶಾಲೆಯ ಆಟದ ಬಯಲಿನಲ್ಲಿಳಿದು ಗಟಾರಕ್ಕೆ ನುಗ್ಗಿ ರೆಕ್ಕೆ ಹರಿದುಕೊಂಡಳು. ಅಲ್ಲಿ ವಿಮಾನದ ಬಟ್ಟೆ ಎಲ್ಲಿಂದ ಬರಬೇಕು? ಯುದ್ಧದಲ್ಲಿ ಮಿಕ್ಕ ವಿಮಾನದ ಬಟ್ಟೆಯಿಂದ ಹೊಲಿಸಿಟ್ಟಿದ್ದ ಅಂಗಿಗಳಿದ್ದವು. ಅವನ್ನೇ ಹರಿದು ತೇಪೆ ಹಾಕಿದರು. ಮೇ 24ಕ್ಕೆ ಡಾರ್ವಿನ್ ಮುಟ್ಟಿದಳು. ಇನ್ಸೇನ್‌ನ ಅಂಗಿ ಮಾಮನ ಬಾಯಲ್ಲಿ ಎಷ್ಟು ಸಲ ಬಂತೆಂದರೆ ನಾನು ನನ್ನ ಅಂಗಿಯ ಗುಂಡಿ ಹಾಕಿಕೊಂಡೆ.

ಚಹಾ ತಂದ ರೂಮ್‌ಬಾಯ್ ಹೋಗದೆ ನಿಂತ. ತೇಪೆಯ ಅಂಚನ್ನು ಮುಟ್ಟಿ ನೋಡಿ, “ಹಂಗ ಹಚ್ಚಿದ್ರ ಸುತ್ತತೈತ್ರಿ. ಅಂಚು ಬಿಡಸ್ರಿ” ಎಂದು ತಾನೇ ಕೂತು ನಾಲ್ಕೂ ಕಡೆ ಎಳೆ ಕೀಳತೊಡಗಿದ. ಒಂದೊಂದೇ ಎಳೆ, ಉಗುರಿನ ತುದಿಯಿಂದ, ನೋಡದೆಯೇ. ಬೆರಳಗಲ ಜಾಲರಿ ಬಿಟ್ಟುಕೊಂಡಿತು. ಅದರ ಮೇಲೆ ಲ್ಯಾಕರ್ ಎಳೆದರೆ ಅಂಚು ಕಚ್ಚಿಕೊಂಡು ಕೂತಿತು. ಹಳೇ ಮೆಕ್ಯಾನಿಕ್‌ಗಳೂ ತೇಪೆಯ ಅಂಚನ್ನು ಹೀಗೇ ಬಿಡಿಸುತ್ತಿದ್ದರು, ಇಲ್ಲವೇ ಹಲ್ಲುಹಲ್ಲಾಗಿ ಕತ್ತರಿಸುತ್ತಿದ್ದರು. “ಎಲ್ಲಿ ಕಲ್ತಿ?” “ಇಳಕಲ್ ರೀ ನಮ್ಮದು. ಮನ್ಯಾಗ ಮಗ್ಗ ಐತಿ.”

ಮಾಮ ಕೂಡಲೇ ನಕ್ಷೆ ಬಿಚ್ಚಿದರು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರಲ್ಲ, ಅಲ್ಲಿಂದ ಮುಂದೆ ನೆವಿಲ್ ವಿಂಟ್ಸೆಂಟ್ ಅದನ್ನು ಬಳ್ಳಾರಿ ಮೇಲೆ ಹಾಯ್ದು ಮದ್ರಾಸಿಗೆ ಒಯ್ದರು. ಆ ವಿಮಾನ ಪಸ್ ಮಾತ್, ಒಂದೇ ಜೊತೆ ರೆಕ್ಕೆಯದ್ದು. ಮಾಮನಿಗೆ ಅದರ ಮೇಲೆ ಅಷ್ಟಾಗಿ ಪ್ರೀತಿಯಿಲ್ಲ. ಆದರೂ ಮುಂಬಯಿಯಿಂದ ಬಳ್ಳಾರಿಗೆ ನೂಲು ಎಳೆದು ಹಿಡಿದರು. ಗದಗಿನಿಂದ ಎಪ್ಪತ್ತು ಕಿ.ಮೀ.ಗೂ ಆಚೆ ಹೋಯಿತು, ನನಗೆ ನಿರಾಸೆ. ಹುಡುಗ ಬಗ್ಗಿ ನೋಡಿದ. ನೂಲು ಬಾಗಲಕೋಟೆಯ ಪಕ್ಕದಿಂದಿಳಿದು ಇಳಕಲ್ಲಿನ ಮೇಲೇ ಬಿದ್ದಿತ್ತು. “ನೆಟ್ಟಗ ಹಾರಿದ್ರ ನಿಮ್ಮೂರ ಮ್ಯಾಲೇ ನೋಡಪಾ” ಅಂದರು ಮಾಮ. ಅವನು ಅಲ್ಲೇ ಮೊಬೈಲ್ ತೆಗೆದು ಮನೆಗೆ ಫೋನ್ ಹಚ್ಚಿದ.

ಮೂರನೇ ದಿನ: ಮಾಗಡಿ, ಲಕ್ಷ್ಮೇಶ್ವರ, ಸವಣೂರು

ಹದಿನೆಂಟನೇ ತಾರೀಕು. ಲ್ಯಾಕರ್ ಪೂರ್ತಿ ಒಣಗಲು ಸಂಜೆ ಬೇಕಿತ್ತು. ಅಲ್ಲಿಯವರೆಗೆ ಮಾಗಡಿ ಕೆರೆ. ಗದಗಿನಿಂದ ಇಪ್ಪತ್ತಾರು ಕಿ.ಮೀ., ಶಿರಹಟ್ಟಿ ತಾಲೂಕು. ಕತ್ತಲಿದ್ದಾಗಲೇ ಹೊರಟರೆ ಒಳ್ಳೆಯದು; ನಾವು ಹೋದಾಗ ಬೆಳಕಾಗಿತ್ತು, ಕಪ್ಪತಗುಡ್ಡದ ಗಾಳಿಯಂತ್ರಗಳು ಇನ್ನೂ ಮಂಜಿನಲ್ಲಿದ್ದವು.

ಪಟ್ಟೆತಲೆ ಹೆಬ್ಬಾತುಗಳು ನವೆಂಬರಿನಲ್ಲಿ ಬಂದು ಮಾರ್ಚ್ ಹೊತ್ತಿಗೆ ಹೊರಡುತ್ತವೆ, ಮಂಗೋಲಿಯಾ ಕಡೆಗೆ, ಹಿಮಾಲಯ ದಾಟಿ. ಬೆಳಿಗ್ಗೆ ಹೊಲ ಮೇಯಲು ಹೋದವು ಬಿಸಿಲೇರುವಾಗ ಹಿಂಡುಹಿಂಡಾಗಿ ಮರಳಿದವು. ಕೆರೆ ಕಾಯುವವರೊಬ್ಬರು ದುರ್ಬೀನು ಕೊಟ್ಟರು. ಮಾಮ ಅವರಿಗೆ 1933ರ ಏಪ್ರಿಲ್ 3ರ ಸಂಗತಿ ಹೇಳಿದರು. ಬಿಹಾರದ ಪೂರ್ಣಿಯಾದ ಬಯಲಿನಿಂದ ಎರಡು ವೆಸ್ಟ್‌ಲ್ಯಾಂಡ್ ಬೈಪ್ಲೇನ್‌ಗಳು ಎದ್ದು ಮೊದಲ ಸಲ ಎವರೆಸ್ಟ್ ಮೇಲೆ ಹಾರಿದವು. ಪೈಲಟ್‌ಗಳು ಕ್ಲೈಡ್ಸ್‌ಡೇಲ್ ಮತ್ತು ಮ್ಯಾಕಿಂಟೈರ್. ತೆರೆದ ಕಾಕ್‌ಪಿಟ್, ಕರೆಂಟಿನಿಂದ ಬೆಚ್ಚಗಾಗುವ ಅಂಗಿ, ಮೂಗಿಗೆ ಆಕ್ಸಿಜನ್.

ಕೆರೆಯವರು ಹಕ್ಕಿಗಳ ಕಡೆ ಗದ್ದ ತೋರಿಸಿದರು. “ಇವಕ್ಕ ಅಂಗೀನೂ ಬೇಕಿಲ್ರಿ.”

ಮಾಮ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ದುರ್ಬೀನು ಕಣ್ಣಿನಿಂದ ಇಳಿಸಲೂ ಇಲ್ಲ. ಒಂದು ಹಿಂಡು ಪಡುವಣದಿಂದ ಬಂದು ನೇರ ಇಳಿಯಿತು. ಮೂಡಣದಿಂದ ಬಂದ ಇನ್ನೊಂದು ಹಿಂಡು ಕೆರೆ ದಾಟಿ ಹೋಗಿ, ಅರ್ಧ ಸುತ್ತು ಹೊಡೆದು ತಿರುಗಿ, ಅದೇ ದಿಕ್ಕಿನಿಂದಲೇ ಇಳಿಯಿತು. ಮೂರನೆಯದೂ ಹಾಗೇ. ಎಲ್ಲವೂ ಮೂಡಗಾಳಿಗೆ ಎದೆಯೊಡ್ಡಿ, ಕಾಲು ಮುಂದೆ ಚಾಚಿ. “ಹೊಟ್ಟು ತೂರಿ ತೋರಿಸಿದ್ದ ಮನಷ್ಯಾ” ಎಂದರು ಮಾಮ, ಅಷ್ಟೇ.

ಕೆರೆ ಹತ್ತಿರ ವಿಮಾನ ಹೊರಗೆ ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಲಕ್ಷ್ಮೇಶ್ವರದಲ್ಲಿ ಊಟ ಮುಗಿಸಿ ಸವಣೂರಿಗೆ ಬಂದೆವು. ಅಲ್ಲಿ ದೊಡ್ಡಹುಣಸೆ ಮಠದ ಮೂರು ಬವೊಬಾಬ್ ಮರಗಳನ್ನು ನೋಡದೆ ಬರಬಾರದು. ಒಂದೊಂದರ ಬುಡವೂ ಒಂದು ಕೋಣೆಯಷ್ಟಿದೆ. ಖಾರಾ ಕಟ್ಟಿಸಿಕೊಂಡು ಊರಾಚೆ ಐದೂವರೆಗೆ ಒಂದು ಶೇಂಗಾ ಹೊಲ ಹಿಡಿದೆವು. ಮೊದಲು ಒಂದು ಮುಷ್ಟಿ ಮಣ್ಣು ತೂರಿ ನೋಡಿದೆವು. ಗಾಳಿಯೇ ಇರಲಿಲ್ಲ. ಮಾಮ ಮತ್ತೊಮ್ಮೆ ತೂರಿದರು. ಆಮೇಲೆ ಇನ್ನೂ ಒಮ್ಮೆ.

ಪೋಸ್ಟ್‌ಕಾರ್ಡು ಮುಂದಿನ ಸೀಟಿಗೆ ಹೋಯಿತು, ಅಲುಗದಂತೆ ರಬ್ಬರ್ ಬ್ಯಾಂಡ್ ಹಾಕಿ. ಎಲ್ಲಿಂದಲೋ ಆರೇಳು ಹುಡುಗರು ಸೇರಿದ್ದರು. ಈ ಸಲ “ಕಾಂಟ್ಯಾಕ್ಟ್” ಅವರು ಕೂಗಿದರು. ಇಳಿಬಿಸಿಲಿಗೆ ಎದುರಾದಾಗ ಬಟ್ಟೆಯೊಳಗಿನ ಪಕ್ಕೆಲುಬುಗಳೆಲ್ಲ ಒಂದೊಂದಾಗಿ ಕಂಡವು, ಕಂದೀಲಿನೊಳಗಿನ ಕಡ್ಡಿಗಳ ಹಾಗೆ. ತೇಪೆಯ ಜಾಗ ಮಾತ್ರ ಎರಡು ಪದರವಾದ್ದರಿಂದ ಕಪ್ಪಗೆ ಒಂದು ಚೌಕ. ಮೂರು ಸುತ್ತು ಹೊಡೆದು, ಹೊಲದ ಆ ತುದಿಯಲ್ಲಿ ಮೊದಲು ಬಾಲ, ಆಮೇಲೆ ಚಕ್ರ ಊರಿ ನಿಂತಿತು. ಹುಡುಗರು ಓಡಿದರು. ಆರು ನಿಮಿಷ, ಇನ್ನೂರು ಮೀಟರ್.

“ಪೆಕೆ ನಮಗಿಂತ ಜೋರಾಗಿ ಹೋಗಿದ್ದ” ಅಂದೆ.

“ಅವಗ ಹೊಳಿ ಒಂದ ಅಡ್ಡ ಇತ್ತು” ಅಂದರು ಮಾಮ.

ನಾಲ್ಕನೇ ದಿನ: ಹಾವೇರಿ, ಬ್ಯಾಡಗಿ

ಹಾವೇರಿಯಲ್ಲಿ ಬೆಳಿಗ್ಗೆ ಎದ್ದದ್ದು ತಡ. ಏಲಕ್ಕಿ ಹಾರ ಕೊಳ್ಳಬೇಕೆಂದು ಅತ್ತೆ ಹೇಳಿದ್ದು ಮರೆಯಿತು, ಅದಕ್ಕೆ ಈಗಲೂ ಮಾತು ಕೇಳುತ್ತಿದ್ದೇವೆ. ಬ್ಯಾಡಗಿ ಮಾರುಕಟ್ಟೆಗೆ ಹೋದದ್ದು ನನ್ನ ಆಸೆ. ಫೆಬ್ರುವರಿಯಲ್ಲಿ ಅಲ್ಲಿ ನೆಲ ಕಾಣುವುದಿಲ್ಲ, ಕೆಂಪು ಚೀಲ ಮಾತ್ರ. ಸುಕ್ಕು ಸುಕ್ಕಾದ ಆ ಕಾಯಿ ಬಣ್ಣಕ್ಕೆ ಹೆಚ್ಚು, ಖಾರಕ್ಕೆ ಕಡಿಮೆ ಎನ್ನುತ್ತಾರೆ. ಸೀನು ಮಾತ್ರ ಧಾರಾಳ. ಮೂಗಿಗೆ ಒದ್ದೆ ಕರವಸ್ತ್ರ ಇಟ್ಟುಕೊಂಡು ಹೋಗಿ. ಪೋಸ್ಟ್‌ಕಾರ್ಡನ್ನು ಅಲ್ಲೇ ಎಲ್ಲೋ ಕೆಂಪು ಡಬ್ಬಿಗೆ ಹಾಕಿ ಬಂದೆ ಎಂದು ಮಾಮ ಹೆದ್ದಾರಿ ಹತ್ತಿದಮೇಲೆ ಹೇಳಿದರು.

ಬೆಂಗಳೂರಿಗೆ ಮರಳಿ ಎಂಟನೇ ದಿನಕ್ಕೆ ಅದು ನನ್ನ ಬಾಗಿಲ ಸಂದಿಯಲ್ಲಿತ್ತು. ವಿಳಾಸದ ಅರ್ಧಕ್ಕೆ ಔಡಲೆಣ್ಣೆಯ ಕಲೆ ಹಬ್ಬಿ ಪಿನ್‌ಕೋಡ್ ಅಳಿಸಿಹೋಗಿತ್ತು. ಅಂಚೆಯವನು ಹೇಗೋ ಹುಡುಕಿ ತಂದಿದ್ದ. ಹಿಂದೆ ಮಾಮನ ಐಟಿಐ ಬೋರ್ಡಿನ ಅಕ್ಷರದಲ್ಲಿ ಒಂದೇ ಸಾಲಿತ್ತು. ಹೊರಡುವ ಮೊದಲೇ ಬರೆದಿಟ್ಟದ್ದು: “ಗಾಳಿ ಛಲೋ ಇತ್ತು. ರೆಕ್ಕಿಗೆ ಏನೂ ಆಗಲಿಲ್ಲ.”